ವಲಸೆ ಮತ್ತು ಆಕಾಂಕ್ಷೆ: ಅಳತೆಯ ಒಂದು ಸಮಸ್ಯೆ

ಮನುಷ್ಯರು ಹುಟ್ಟಿದ ಊರನ್ನು ಬಿಟ್ಟು ಬೇರೆ ಊರಿಗೆ ಹೋಗುವುದೇಕೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಬಹುಕಾಲದಿಂದ ರೂಢಿಯಲ್ಲಿವೆ. ಊರಿನ ಬಡತನ ಅವರನ್ನು ಹೊರಕ್ಕೆ ದೂಡಿತು ಎಂಬುದು ಒಂದು. ಪಟ್ಟಣದ ಸಂಬಳ ಅವರನ್ನು ಸೆಳೆಯಿತು ಎಂಬುದು ಮತ್ತೊಂದು. ಇವೆರಡೂ ಸುಳ್ಳಲ್ಲ. ಆದರೆ ಇವೆರಡರಲ್ಲಿಯೂ ವಲಸೆ ಹೋಗುವವನು ಪ್ರವಾಹದಲ್ಲಿ ತೇಲುವ ಕೊರಡಿನಂತೆ ಕಾಣಿಸುತ್ತಾನೆಯೇ ಹೊರತು, ತನಗೆ ಇಂಥದು ಬೇಕೆಂದು ಬಯಸಿ ಹೊರಟವನಂತೆ ಕಾಣಿಸುವುದಿಲ್ಲ. ಅದೇ ಬಡತನದಲ್ಲಿ, ಅದೇ ಕೇರಿಯಲ್ಲಿ ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬನು ಮುಂಬಯಿಗೆ ಹೋಗುತ್ತಾನೆ, ಇನ್ನೊಬ್ಬನು ಹೋಗುವುದಿಲ್ಲ. ಇದಕ್ಕೆ ಕಾರಣವನ್ನು ಹೇಳಬೇಕಾದರೆ ಅವರವರ ಹಂಬಲವನ್ನು ವಿಚಾರಿಸದೆ ಗತ್ಯಂತರವಿಲ್ಲ. ಈ ಹಂಬಲವನ್ನು ಅಳೆಯಲು ಬರುತ್ತದೆಯೇ, ಬರುವುದಾದರೆ ಯಾವ ಅಳತೆಗೋಲಿನಿಂದ, ಎಂಬುದೇ ಪ್ರಸ್ತುತ ಲೇಖನದ ವಿಷಯ. ವಿಚಾರವು ಬರಿಯ ಸಿದ್ಧಾಂತವಾಗಿ ಉಳಿಯಬಾರದೆಂದು ನಾವು ಕರಾವಳಿಯ ಉಪ್ಪುಂದ ಗ್ರಾಮವನ್ನು ಕಣ್ಣ ಮುಂದಿರಿಸಿಕೊಂಡಿದ್ದೇವೆ.

ಉಪ್ಪುಂದವು ಕುಂದಾಪುರದ ಉತ್ತರಕ್ಕೆ, ಬೈಂದೂರಿಗೆ ಸಮೀಪದಲ್ಲಿ, ರಾಷ್ಟ್ರೀಯ ಹೆದ್ದಾರಿ ೬೬ರ ಮೇಲಿರುವ ಗ್ರಾಮ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆ, ಹಾಡಿ, ಅದರಾಚೆ ಸಹ್ಯಾದ್ರಿಯ ತಪ್ಪಲು. ಮಡಿಕಲ್ಲಿನ ತೀರದಲ್ಲಿ ನಾಡದೋಣಿಗಳು, ಹತ್ತಿರದ ಕೊಡೇರಿಯಲ್ಲಿ ಮೀನುಗಾರಿಕೆಯ ಬಂದರು, ಊರ ನಡುವೆ ದುರ್ಗಾಪರಮೇಶ್ವರಿಯ ದೇವಸ್ಥಾನ. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಸೀಮೆ ಮದರಾಸಿಗೆ ಸೇರಿತ್ತು. ಅನಂತರ ಮೈಸೂರು ರಾಜ್ಯಕ್ಕೆ ಬಂದು, ೧೯೯೭ರಲ್ಲಿ ಉಡುಪಿ ಜಿಲ್ಲೆಯ ಭಾಗವಾಯಿತು. ಬೈಂದೂರು ಕುಂದಾಪುರದಿಂದ ಬೇರ್ಪಟ್ಟು ತಾಲ್ಲೂಕಾದುದು ಈಚೆಗೆ, ೨೦೧೮ರ ಸುಮಾರಿಗೆ. ಆಡಳಿತದ ಗಡಿಗಳು ಹೀಗೆ ಸರಿದಾಡಿದರೂ ಇಲ್ಲಿಯ ಜನ ಊರು ಬಿಟ್ಟು ಹೋಗುವ ದಾರಿಗಳು ಹೆಚ್ಚಾಗಿ ಬದಲಾಗಲಿಲ್ಲ. ಒಂದು ದಾರಿ ಮುಂಬಯಿಗೆ, ಒಂದು ಘಟ್ಟದ ಮೇಲಿನ ಬೆಂಗಳೂರು ಶಿವಮೊಗ್ಗಗಳಿಗೆ, ಒಂದು ಮದರಾಸಿಗೆ. ೧೯೭೦ರ ದಶಕದಿಂದೀಚೆಗೆ ಕೊಲ್ಲಿ ರಾಷ್ಟ್ರಗಳಿಗೆ ಮತ್ತೊಂದು. ಮೀನುಗಾರ ತರುಣರು ಮಲ್ಪೆ, ಮಂಗಳೂರು, ಗೋವೆಗಳ ಬೋಟುಗಳಿಗೆ ಹೋಗಿ ಬರುವುದು ಇವೆಲ್ಲಕ್ಕಿಂತ ಬೇರೆಯದಾದ, ಋತುವನ್ನನುಸರಿಸಿದ ವಲಸೆ.

ಹೋದವರ ಹೆಜ್ಜೆಗುರುತು ಗಣತಿಯ ಕೋಷ್ಟಕಗಳಲ್ಲಿ ಪರೋಕ್ಷವಾಗಿ ಕಾಣುತ್ತದೆ. ೨೦೧೧ರಲ್ಲಿ ಉಡುಪಿ ಜಿಲ್ಲೆಯಲ್ಲಿ ೧,೦೦೦ ಪುರುಷರಿಗೆ ಸುಮಾರು ೧,೦೯೪ ಸ್ತ್ರೀಯರಿದ್ದರು. ಇಡೀ ಕರ್ನಾಟಕದಲ್ಲಿ ಆ ಸಂಖ್ಯೆ ೯೭೩. ಹಿಂದಿನ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇಕಡಾ ೧೫.೬ರಷ್ಟು ಬೆಳೆದರೆ ಜಿಲ್ಲೆಯದು ಶೇಕಡಾ ೬ರಷ್ಟೂ ಬೆಳೆಯಲಿಲ್ಲ. ಇದಕ್ಕೆ ಜನನ ಪ್ರಮಾಣದ ಇಳಿತವೂ ಸ್ತ್ರೀಯರ ಆಯುಷ್ಯದ ಹೆಚ್ಚಳವೂ ಕಾರಣಗಳಾಗಿವೆ. ಆದರೂ ದುಡಿಯುವ ವಯಸ್ಸಿನ ಗಂಡಸರು ಹೊರಗಿದ್ದಾರೆಂಬುದನ್ನು ಬಿಟ್ಟು ಈ ಅಂಕಿಗಳನ್ನು ವಿವರಿಸುವುದು ಕಷ್ಟ.

ಅವರು ಏಕೆ ಹೋದರೆಂಬುದನ್ನು ಗಣತಿ ಹೇಳುವುದಿಲ್ಲವೇ ಎಂದು ವಾಚಕರು ಕೇಳಬಹುದು. ಹೇಳುತ್ತದೆ. ನಮ್ಮ ಜನಗಣತಿಯು ಹುಟ್ಟಿದ ಸ್ಥಳವನ್ನು ಮೊದಲಿನಿಂದಲೂ, ಹಿಂದಿನ ವಾಸಸ್ಥಳವನ್ನು ೧೯೭೧ರಿಂದಲೂ, ವಲಸೆಯ ಕಾರಣವನ್ನು ೧೯೮೧ರಿಂದಲೂ ಕೇಳುತ್ತ ಬಂದಿದೆ. ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸ, ವಿವಾಹ, ಮನೆಯವರೊಡನೆ ಬಂದುದು ಮುಂತಾಗಿ ಕಾರಣಗಳ ಕೋಣೆಗಳಿವೆ. ಒಬ್ಬೊಬ್ಬರಿಗೆ ಒಂದೊಂದೇ ಕೋಣೆ. ೨೦೧೧ರ ಗಣತಿಯಂತೆ ದೇಶದ ಸುಮಾರು ೪೫ ಕೋಟಿ ವಲಸೆಗಾರರಲ್ಲಿ ಅರ್ಧಕ್ಕೆ ತುಸು ಕಡಮೆ ಜನ ವಿವಾಹದ ಕೋಣೆಯಲ್ಲಿದ್ದಾರೆ. ಸ್ತ್ರೀಯರನ್ನಷ್ಟೇ ತೆಗೆದುಕೊಂಡರೆ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಅಲ್ಲಿಯೇ ಸೇರುತ್ತಾರೆ. ಬೆಂಗಳೂರಿನಲ್ಲಿ ಹೋಟೆಲು ನಡೆಸುವವನನ್ನು ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳನ್ನು ಎಣಿಸಿಕೊಳ್ಳಿ. ಅವಳು ಬಿ.ಎ. ಓದಿದವಳು, ಪಟ್ಟಣದಲ್ಲಿ ಕೆಲಸಕ್ಕೆ ಸೇರಬೇಕೆಂಬ ಆಸೆಯಿಂದಲೇ, ಊರಿನ ಸಂಬಂಧವನ್ನು ಬೇಡವೆಂದು ಈ ಸಂಬಂಧವನ್ನು ಒಪ್ಪಿದವಳು. ಕೋಷ್ಟಕದಲ್ಲಿ ಅವಳ ಆಸೆಗೆ ಸ್ಥಳವಿಲ್ಲ. ಉಪ್ಪುಂದಕ್ಕೆ ಅನತಿದೂರದ ಮೊಗೇರಿಯಲ್ಲಿ ೧೯೧೮ರಲ್ಲಿ ಹುಟ್ಟಿ, ಆಗ ಬೇರೊಂದು ಸಂಸ್ಥಾನವಾಗಿದ್ದ ಮೈಸೂರಿಗೆ ಓದಲು ಹೋದ ಕವಿ ಗೋಪಾಲಕೃಷ್ಣ ಅಡಿಗರನ್ನೂ ಈ ಕ್ರಮದಲ್ಲಿ ಎಣಿಸಿದ್ದರೆ 'ವಿದ್ಯಾಭ್ಯಾಸ' ಎಂಬ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ಆದರೆ ಗಣತಿಯ ದೊಡ್ಡ ಕೊರತೆ ಇದಲ್ಲ. ಅದು ಹೋದವರನ್ನು ಮಾತ್ರ ಕೇಳುತ್ತದೆ; ಹೋಗಬೇಕೆಂದು ಬಯಸಿ ಹೋಗಲಾರದೆ ಉಳಿದವರನ್ನು ಕೇಳುವುದಿಲ್ಲ. ಹಂಬಲವನ್ನು ಅಳೆಯುವುದಾದರೆ ಅವರೇ ಮುಖ್ಯರು. ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಎರಡು ಗ್ರಾಮಗಳಲ್ಲಿ ನೂರು ನೂರು ತರುಣರಿದ್ದು, ಎರಡರಿಂದಲೂ ಇಪ್ಪತ್ತಿಪ್ಪತ್ತು ಮಂದಿ ಹೊರಗೆ ಹೋದರೆಂದು ಭಾವಿಸೋಣ. ವಲಸೆಯ ಪ್ರಮಾಣ ಎರಡರಲ್ಲಿಯೂ ಒಂದೇ. ಆದರೆ ಮೊದಲನೆಯ ಗ್ರಾಮದಲ್ಲಿ ಹೋಗಬಯಸಿದವರು ಅರವತ್ತು ಮಂದಿ, ಎರಡನೆಯದರಲ್ಲಿ ಇಪ್ಪತ್ತೆರಡೇ ಮಂದಿ. ಮೊದಲನೆಯದರಲ್ಲಿ ನಲವತ್ತು ಜನ ಮನಸ್ಸನ್ನು ಆಗಲೇ ಹೊರಗಿಟ್ಟು, ದೇಹವನ್ನು ಮಾತ್ರ ಊರಿನಲ್ಲಿ ಇರಿಸಿಕೊಂಡಿದ್ದಾರೆ. ಅಂಥ ಊರಿನಲ್ಲಿ ಒಂದು ಕೈಗಾರಿಕೆ ತೆರೆದರೆ ಜನ ಉಳಿದಾರೆಂದು ಯೋಜನೆ ಹಾಕುವವನು ಮೋಸಹೋಗುತ್ತಾನೆ. ಆ ಕೈಗಾರಿಕೆಯ ಸಂಬಳವೇ ಅವರಿಗೆ ಪ್ರಯಾಣದ ಖರ್ಚಾದೀತು.

ಈ ವಿವೇಚನೆ ವಲಸೆಯ ಶಾಸ್ತ್ರಕ್ಕೆ ಬಂದುದು ನಿಧಾನವಾಗಿ. ೧೮೮೫ರಲ್ಲಿ ವಲಸೆಯ ನಿಯಮಗಳನ್ನು ರೂಪಿಸಲು ತೊಡಗಿದ ರಾವೆನ್‌ಸ್ಟೀನನು ಮನುಷ್ಯನು ತನ್ನ ಸ್ಥಿತಿಯನ್ನು ಉತ್ತಮಪಡಿಸಿಕೊಳ್ಳಬಯಸುವುದೇ ಇದರ ಮುಖ್ಯ ಪ್ರೇರಣೆಯೆಂದು ಕಂಡಿದ್ದರೂ, ಅವನ ಕೈಯಲ್ಲಿದ್ದುದು ಗಣತಿಯ ಹುಟ್ಟೂರಿನ ಅಂಕಿಗಳು ಮಾತ್ರ. ೧೯೬೬ರಲ್ಲಿ ಎವೆರೆಟ್ ಲೀ ಎಂಬವರು ಹೊರಡುವ ಊರು, ಸೇರುವ ಊರು ಇವೆರಡರ ನಡುವಣ ಅಡೆತಡೆಗಳನ್ನೂ ವ್ಯಕ್ತಿಯ ಸ್ವಭಾವವನ್ನೂ ಲೆಕ್ಕಕ್ಕೆ ತಂದರು. ೧೯೬೯ರಲ್ಲಿ ಟೊಡಾರೊ ಅವರು ಹಳ್ಳಿಗನು ಹೋಗುವುದು ಪಟ್ಟಣದಲ್ಲಿ ಈಗಿರುವ ಸಂಬಳಕ್ಕಲ್ಲ, ಸಿಕ್ಕೀತೆಂದು ಅವನು ನಿರೀಕ್ಷಿಸುವ ಸಂಬಳಕ್ಕೆ ಎಂದು ತೋರಿಸಿದರು. ನಿರೀಕ್ಷೆಯು ಶಾಸ್ತ್ರದೊಳಕ್ಕೆ ಬಂದರೂ ಅದು ಇನ್ನೂ ರೂಪಾಯಿಗಳ ನಿರೀಕ್ಷೆಯಾಗಿತ್ತು. ಕೇಪ್ ವರ್ಡ್ ದ್ವೀಪಗಳಲ್ಲಿ ಅಧ್ಯಯನ ನಡೆಸಿದ ಯೋರ್ಗನ್ ಕಾರ್ಲಿಂಗ್ ೨೦೦೨ರಲ್ಲಿ ಹಂಬಲ ಬೇರೆ, ಸಾಮರ್ಥ್ಯ ಬೇರೆ ಎಂದು ಎರಡನ್ನೂ ವಿಂಗಡಿಸಿ, ಹಂಬಲವಿದ್ದೂ ಸಾಮರ್ಥ್ಯವಿಲ್ಲದೆ ನಿಂತವರಿಗೆ ಶಾಸ್ತ್ರದಲ್ಲಿ ಒಂದು ಸ್ಥಾನವನ್ನು ಕೊಟ್ಟರು. ಹೈನ್ ದ ಹಾಸ್ ಅವರು ಇದನ್ನು ವಿಸ್ತರಿಸಿ, ಅಭಿವೃದ್ಧಿಯು ಹಂಬಲವನ್ನೂ ಸಾಮರ್ಥ್ಯವನ್ನೂ ಒಟ್ಟಿಗೆ ಬೆಳೆಸುವುದರಿಂದ ಬಡ ಪ್ರದೇಶಗಳಲ್ಲಿ ಅದು ಮೊದಮೊದಲು ವಲಸೆಯನ್ನು ಹೆಚ್ಚಿಸುತ್ತದೆಂದು ವಾದಿಸಿದ್ದಾರೆ.

ಹಂಬಲವನ್ನು ನೇರವಾಗಿ ಕೇಳುವ ಅತಿ ದೊಡ್ಡ ಪ್ರಯತ್ನವೆಂದರೆ ಗ್ಯಾಲಪ್ ಸಂಸ್ಥೆಯ ವಿಶ್ವ ಸಮೀಕ್ಷೆ. ಅದರ ಪ್ರಶ್ನೆಗಳು ಮೂರು ಹಂತಗಳಲ್ಲಿವೆ: ಅವಕಾಶ ದೊರೆತರೆ ಬೇರೆ ದೇಶಕ್ಕೆ ಶಾಶ್ವತವಾಗಿ ಹೋಗಲು ಬಯಸುವಿರಾ, ಮುಂದಿನ ಹನ್ನೆರಡು ತಿಂಗಳಲ್ಲಿ ಹೋಗುವ ಯೋಜನೆ ಇದೆಯೇ, ಅದಕ್ಕಾಗಿ ಏನಾದರೂ ಸಿದ್ಧತೆ ನಡೆಸಿದ್ದೀರಾ. ೨೦೧೦ರ ದಶಕದ ಉತ್ತರಗಳಂತೆ ಜಗತ್ತಿನ ವಯಸ್ಕರಲ್ಲಿ ಬಯಸುವವರು ನೂರಕ್ಕೆ ಸುಮಾರು ೧೪. ಯೋಜನೆ ಇರುವವರು ೧.೩, ಸಿದ್ಧತೆ ನಡೆಸಿದವರು ೦.೪. ಬಯಕೆಗೂ ಹೆಜ್ಜೆಗೂ ನಡುವೆ ಎಷ್ಟು ದೂರವಿದೆಯೆಂಬುದನ್ನು ಈ ಮೂರು ಅಂಕಿಗಳು ತೋರಿಸುವಷ್ಟು ಚೆನ್ನಾಗಿ ಯಾವ ವಾದವೂ ತೋರಿಸಲಾರದು.

ಆದರೆ ಈ ಪ್ರಶ್ನೆಯನ್ನು ಹಾಗೆಯೇ ಉಪ್ಪುಂದಕ್ಕೆ ಒಯ್ದರೆ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು 'ಶಾಶ್ವತವಾಗಿ' ಎಂಬ ಮಾತು. ಇಲ್ಲಿಂದ ಹೊರಡುವವನು ಬಹುಮಟ್ಟಿಗೆ ಊರನ್ನು ತೊರೆಯಲು ಹೊರಡುವುದಿಲ್ಲ. ಊರಿನಲ್ಲಿ ಚೆನ್ನಾಗಿ ಇರಲು ಹೊರಡುತ್ತಾನೆ. ಮೂಲದ ನಾಗಬನಕ್ಕೆ ವರ್ಷಕ್ಕೊಮ್ಮೆ ಬಂದು ಪೂಜೆ ಮಾಡಿಸುವವನನ್ನು, ದೇವಿಯ ರಥೋತ್ಸವಕ್ಕೆ ರಜೆ ಹಾಕಿ ಬರುವವನನ್ನು ಶಾಶ್ವತವಾಗಿ ಹೋಗುವಿರಾ ಎಂದು ಕೇಳಿದರೆ ಅವನು ಇಲ್ಲವೆಂದೇ ಹೇಳುವನು. ನಮ್ಮ ಲೆಕ್ಕದಲ್ಲಿ ಅವನಿಗೆ ವಲಸೆಯ ಹಂಬಲವೇ ಇಲ್ಲವೆಂದಾಗುವುದು.

ಎರಡನೆಯದು ಭಾಷೆಯ ತೊಡಕು. ಪ್ರಶ್ನಾವಳಿಗಳನ್ನು ಇಂಗ್ಲಿಷಿನಿಂದ ಭಾಷಾಂತರಿಸುವವರು ಇದಕ್ಕೆ ಸಾಕಷ್ಟು ಗಮನ ಕೊಡುವುದಿಲ್ಲವೆಂದು ನಮಗೆ ತೋರುತ್ತದೆ. ಕನ್ನಡದ 'ಬೇಕು' ಎಂಬ ಶಬ್ದ ಇಚ್ಛೆಯನ್ನೂ ಹೇಳುತ್ತದೆ, ನಿರ್ಬಂಧವನ್ನೂ ಹೇಳುತ್ತದೆ. 'ಬೆಂಗಳೂರಿಗೆ ಹೋಗಬೇಕು' ಎಂದಾಗ ಹೋಗುವ ಆಸೆಯಿದೆ ಎಂದೂ ಹೋಗದೆ ವಿಧಿಯಿಲ್ಲ ಎಂದೂ ಎರಡರ್ಥ. ಕುಂದಾಪುರದ ಆಡುನುಡಿಯಲ್ಲಿ ಇದು 'ಹೋಯ್ಕ್' ಎಂಬ ಒಂದೇ ಪುಟ್ಟ ಪದವಾಗಿ ಮುದುಡಿಕೊಂಡಿದೆ. ಕಿರುನಗೆಯೊಡನೆ ಹೇಳಿದ 'ಹೋಯ್ಕ್' ಹಂಬಲ. ನಿಟ್ಟುಸಿರಿನೊಡನೆ ಹೇಳಿದ 'ಹೋಯ್ಕ್' ಸಾಲದ ಬಾಧೆ. ಪ್ರಶ್ನಾವಳಿಯಲ್ಲಿ ಎರಡಕ್ಕೂ ಒಂದೇ ಗುರುತು ಬೀಳುತ್ತದೆ. ಆದಕಾರಣ 'ಹೋಗಲು ನಿಮಗೆ ಇಷ್ಟವೇ' ಎಂದೂ, 'ಹೋಗದಿದ್ದರೆ ಮನೆ ನಡೆದೀತೇ' ಎಂದೂ ಎರಡಾಗಿ ಒಡೆದು ಕೇಳುವುದು ಅವಶ್ಯ.

ಹೋಗುವ ಬಯಕೆಯನ್ನು ಕೇಳುವ ಬದಲು ಬದುಕಿನಲ್ಲಿ ಏನು ಬೇಕು ಎಂಬುದನ್ನೇ ಮೊದಲು ಕೇಳುವುದು ಇನ್ನೊಂದು ಮಾರ್ಗ. ೧೯೬೫ರಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಅವರು ಉತ್ತರ ಕೊಡುವವನ ಮುಂದೆ ಒಂದು ಏಣಿಯ ಚಿತ್ರವನ್ನಿರಿಸಿ, ಮೇಲಿನ ಮೆಟ್ಟಿಲು ಯಾವುದು, ಕೆಳಗಿನದು ಯಾವುದು ಎಂಬುದನ್ನು ಅವನೇ ತನ್ನ ಮಾತಿನಲ್ಲಿ ವರ್ಣಿಸುವಂತೆ ಮಾಡಿ, ಈಗ ಎಲ್ಲಿದ್ದೀಯೆ, ಐದು ವರ್ಷಗಳ ಮೇಲೆ ಎಲ್ಲಿರುವೆ ಎಂದು ಕೇಳಿದರು. ಇದೇ ಜಾಡಿನಲ್ಲಿ ಇಥಿಯೋಪಿಯಾದ ಹಳ್ಳಿಗಳಿಗಾಗಿ ತಾಂಗಿ ಬರ್ನಾರ್ ಮತ್ತು ಅಲೆಮಯೆಹು ಸೆಯೂಮ್ ತಫೆಸ್ಸೆ ಎಂಬವರು ೨೦೧೪ರಲ್ಲಿ ಪ್ರಕಟಿಸಿದ ಕ್ರಮ ನಮ್ಮ ಕಾರ್ಯಕ್ಕೆ ಹೆಚ್ಚು ಉಪಯುಕ್ತ. ಆದಾಯ, ಆಸ್ತಿ, ಮಕ್ಕಳ ವಿದ್ಯೆ, ಸಮಾಜದಲ್ಲಿ ಮರ್ಯಾದೆ ಎಂಬ ನಾಲ್ಕು ವಿಷಯಗಳಲ್ಲಿ ಪ್ರತಿಯೊಬ್ಬನೂ ಮುಟ್ಟಬಯಸುವ ಮಟ್ಟವನ್ನು ಹೇಳಬೇಕು. ಆ ಮೇಲೆ ಅವನಿಗೆ ಇಪ್ಪತ್ತು ಕಾಳುಗಳನ್ನು ಕೊಟ್ಟು, ನಾಲ್ಕರಲ್ಲಿ ಯಾವುದು ಎಷ್ಟು ಮುಖ್ಯವೋ ಅಷ್ಟಷ್ಟು ಕಾಳುಗಳನ್ನು ಇಡಲು ಹೇಳಬೇಕು. ನಮ್ಮ ಕರಾವಳಿಯಲ್ಲಾದರೆ ಚೆನ್ನೆಮಣೆಯ ಬೀಜಗಳಿರುವಾಗ ಬೇರೆ ಕಾಳನ್ನು ಹುಡುಕಬೇಕಾಗಿಲ್ಲ.

ಲೆಕ್ಕ ಮಾಡುವ ಬಗೆ ಸುಲಭ. ಒಬ್ಬನು ಬಯಸುವ ಮಟ್ಟದಿಂದ ಆ ಊರಿನವರೆಲ್ಲ ಬಯಸುವ ಮಟ್ಟದ ಸರಾಸರಿಯನ್ನು ಕಳೆದು, ಬಂದುದನ್ನು ಮಾನಕ ವಿಚಲನೆಯಿಂದ ಭಾಗಿಸಬೇಕು. ನಾಲ್ಕು ವಿಷಯಗಳ ಉತ್ತರಗಳನ್ನು ಕಾಳುಗಳ ತೂಕದಂತೆ ಕೂಡಿಸಿದರೆ ಆಕಾಂಕ್ಷೆಯ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ ಒಬ್ಬ ತಾಯಿ ಬಯಸುವ ತಿಂಗಳ ಆದಾಯ ೪೦,೦೦೦ ರೂಪಾಯಿ, ಊರಿನವರು ಬಯಸುವ ಸರಾಸರಿ ೩೦,೦೦೦, ವಿಚಲನೆ ೧೦,೦೦೦ ಎಂದಿಟ್ಟುಕೊಂಡರೆ ಆದಾಯದಲ್ಲಿ ಅವಳ ಅಂಕ +೧. ಆಸ್ತಿಯಲ್ಲಿ ಅವಳದು ೦, ಮಕ್ಕಳ ವಿದ್ಯೆಯಲ್ಲಿ +೨, ಮರ್ಯಾದೆಯಲ್ಲಿ -೧ ಎಂದೂ, ಅವಳು ಇಟ್ಟ ಕಾಳುಗಳು ಕ್ರಮವಾಗಿ ೫, ೪, ೯, ೨ ಎಂದೂ ಭಾವಿಸೋಣ. ಆಗ ಸೂಚ್ಯಂಕವು ೦.೨೫ + ೦ + ೦.೯೦ - ೦.೧೦, ಎಂದರೆ ೧.೦೫. ಊರಿನ ಸಾಮಾನ್ಯ ಆಕಾಂಕ್ಷೆಗಿಂತ ಅವಳದು ಒಂದು ವಿಚಲನೆಯಷ್ಟು ಮೇಲೆ, ಮತ್ತು ಅದರ ಬಹುಪಾಲು ಮಕ್ಕಳ ಓದಿಗೆ ಸೇರಿದ್ದು.

ಆದರೆ ಈ ನಾಲ್ಕನ್ನು ಉಪ್ಪುಂದದ ಮಾತಿಗೆ ತರಬೇಕು. ಇಲ್ಲಿ ಆಸ್ತಿಯೆಂದರೆ ಮೊದಲು ಮನೆ. ಹುಲ್ಲಿನ ಮನೆ, ಹೆಂಚಿನ ಮನೆ, ತಾರಸಿ ಮನೆ ಎಂಬುದು ಕರಾವಳಿಯ ಹಿರಿಯರು ತಮ್ಮ ಕಣ್ಣಿನಿಂದಲೇ ಕಂಡ ಏಣಿ. ಮರ್ಯಾದೆಗೂ ಇಲ್ಲಿ ಗೋಚರವಾದ ಅಳತೆಗಳುಂಟು. ಮಂದಾರ್ತಿ, ಮಾರಣಕಟ್ಟೆಗಳ ಮೇಳಗಳ ಹರಕೆ ಆಟವನ್ನು ಮನೆಯಂಗಳದಲ್ಲಿ ಆಡಿಸುವುದು ಅಂಥದೊಂದು. ಮಂದಾರ್ತಿಯ ಆಟಕ್ಕೆ ಹಲವು ವರ್ಷ ಮುಂಚಿತವಾಗಿ ಹೆಸರು ಹಚ್ಚಬೇಕಾಗುತ್ತದೆ. ಪರಊರಿನಲ್ಲಿ ದುಡಿದ ಹಣದಿಂದ ಊರಿನ ಗದ್ದೆಯಲ್ಲಿ ರಾತ್ರಿಯಿಡೀ ಆಟ ಆಡಿಸುವವನ ಆಕಾಂಕ್ಷೆಯ ನೋಟಕರು ಯಾರು? ಅವನು ಕೆಲಸ ಮಾಡುವ ಪಟ್ಟಣದವರಲ್ಲ. ಹೋದಲ್ಲಿಯ ಬದುಕಿನ ಮಟ್ಟವನ್ನು ಅವನು ಊರಿನ ಕಣ್ಣಿನಿಂದಲೇ ಅಳೆಯುತ್ತಾನೆ.

ಇಲ್ಲಿಗೆ ನಾವು ಆಕಾಂಕ್ಷೆಯ ಮೂಲಕ್ಕೆ ಬರುತ್ತೇವೆ. ಅರ್ಜುನ್ ಅಪ್ಪಾದುರೈ ಅವರು ೨೦೦೪ರಲ್ಲಿ ಬರೆದ ಪ್ರಬಂಧದಲ್ಲಿ, ಆಕಾಂಕ್ಷಿಸುವುದೂ ಒಂದು ಶಕ್ತಿ, ಅದು ಸಮಾಜದಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ ಎಂದಿದ್ದಾರೆ. ಅರ್ಥಶಾಸ್ತ್ರಜ್ಞ ದೇಬರಾಜ್ ರಾಯ್ ಇದನ್ನು ಲೆಕ್ಕಕ್ಕೆ ಒಗ್ಗುವಂತೆ ಮಾಡಿದರು: ಮನುಷ್ಯನು ತನ್ನಂಥವರೆಂದು ತಾನು ಎಣಿಸುವವರ ಬದುಕನ್ನು ನೋಡಿ ತನ್ನ ಗುರಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ, ಗುರಿಗೂ ಇರುವ ಸ್ಥಿತಿಗೂ ಅಂತರ ತೀರ ಕಡಮೆಯಾದರೆ ಪ್ರಯತ್ನವಿಲ್ಲ, ತೀರ ಹೆಚ್ಚಾದರೆ ನಿರಾಶೆ, ನಡುವಣ ಅಂತರದಲ್ಲಿಯೇ ಹೆಚ್ಚು ಪ್ರಯತ್ನ. ಉಡುಪಿ ಹೋಟೆಲುಗಳ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಈಗಿನ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಪಾರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಿಗೆ ಬಂದುದು ಅಡುಗೆಯ ಕೆಲಸಕ್ಕೆ. ೧೯೨೪ರಲ್ಲಿ ಅವರು ತೆರೆದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಅಡುಗೆಯವನು ಹೋಟೆಲಿನ ಒಡೆಯನಾಗಬಹುದೆಂಬುದು ಕಣ್ಣಿಗೆ ಕಂಡ ಮೇಲೆ, ಕೋಟ, ಸಾಲಿಗ್ರಾಮ, ಕುಂದಾಪುರಗಳ ಹುಡುಗನಿಗೆ ಪಾತ್ರೆ ತೊಳೆಯುವ ಕೆಲಸವೂ ಒಂದು ಮೆಟ್ಟಿಲಾಗಿ ತೋರಿತು. ಗುರಿ ದೂರವಿತ್ತು, ಆದರೆ ದಾರಿ ಗೊತ್ತಿತ್ತು.

ಅದೇ ಸೋದರರಲ್ಲಿ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪನ್ನು ಸುತ್ತಿ, ಅಲ್ಲಿಯ ಭೋಜನಶಾಲೆಗಳ ಶುಚಿತ್ವವನ್ನು ಕಂಡು ಬಂದು ತಮ್ಮಲ್ಲಿ ಅದನ್ನು ಆಚರಣೆಗೆ ತಂದರೆಂಬುದು ಪ್ರಸಿದ್ಧ. ಅಳೆಯುವವನಿಗೆ ಇದರಲ್ಲೊಂದು ಎಚ್ಚರಿಕೆಯಿದೆ. ೧೯೨೪ರ ಮಯ್ಯರಿಗೆ ೧೯೫೨ರ ಗುರಿ ಇರಲಿಲ್ಲ. ಹೋದ ಮೇಲೆ, ಕಂಡ ಮೇಲೆ ಆಕಾಂಕ್ಷೆ ಬೆಳೆಯುತ್ತದೆ. ಗೆದ್ದವನನ್ನು ಮುಪ್ಪಿನಲ್ಲಿ ಕುಳ್ಳಿರಿಸಿ 'ಏನನ್ನು ಬಯಸಿ ಹೊರಟಿರಿ' ಎಂದು ಕೇಳಿದರೆ, ಈಗ ಪಡೆದುದನ್ನೇ ಅಂದು ಬಯಸಿದ್ದೆನೆಂದು ಅವನು ಪ್ರಾಮಾಣಿಕವಾಗಿಯೇ ನಂಬಿ ಹೇಳುತ್ತಾನೆ. ಆದುದರಿಂದ ಆಕಾಂಕ್ಷೆಯನ್ನು ಹೊರಡುವ ಮೊದಲೇ ಅಳೆದಿಡಬೇಕು. ಕಳೆದ ಕಾಲದ ವಿಷಯದಲ್ಲಿ ಅದು ಅಸಾಧ್ಯವಾದರೆ, ಮಾತಿಗಿಂತ ಅಂದಿನ ನಡತೆಯನ್ನು ನೋಡುವುದು ಲೇಸು. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ಕರಾವಳಿಯ ಹುಡುಗರನ್ನು ನೆನೆಯಬಹುದು. ದಿನವಿಡೀ ನಿಂತು ದುಡಿದವನು ನಿದ್ದೆಯನ್ನು ಬಿಟ್ಟು ಪಾಠಕ್ಕೆ ಕುಳಿತನೆಂದರೆ, ಶಾಲೆಯ ಹಾಜರಿ ಪುಸ್ತಕವೇ ಅವನ ಆಕಾಂಕ್ಷೆಯ ಅಳತೆ. ೧೯೦೨ರಲ್ಲಿಯೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪಿತವಾಯಿತು. ಇಂಥ ಸಂಘಗಳ ಹಳೆಯ ದಾಖಲೆಗಳನ್ನು ಈ ದೃಷ್ಟಿಯಿಂದ ಓದಬೇಕಾಗಿದೆ.

ಸಾಮರ್ಥ್ಯವನ್ನು ಬೇರೆಯಾಗಿ ಅಳೆಯದೆ ಈ ಸೂಚ್ಯಂಕವೊಂದರಿಂದಲೇ ಏನನ್ನೂ ಹೇಳುವಂತಿಲ್ಲ. ಒಂದು ಕಾಲದಲ್ಲಿ ಉಪ್ಪುಂದದಿಂದ ಮುಂಬಯಿಗೆ ಹೋಗಬೇಕಾದರೆ ಹೊಳೆಗಳನ್ನು ದೋಣಿಯಲ್ಲಿ ದಾಟಿ ಬಂದರನ್ನು ಸೇರಿ ಹಡಗನ್ನೇರಬೇಕಾಗಿತ್ತು. ಮಳೆಗಾಲದಲ್ಲಿ ಕಡಲ ದಾರಿಯೇ ಮುಚ್ಚುತ್ತಿತ್ತು. ೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ ನೆರೆಯ ಬಿಜೂರಿನಲ್ಲಿ, ಬೈಂದೂರಿನಲ್ಲಿ ನಿಲ್ದಾಣಗಳಾದವು. ಆ ಬಳಿಕ ಹೋಗುವವರು ಹೆಚ್ಚಿದರೆಂದರೆ ಹಂಬಲ ಹೆಚ್ಚಿತೆಂದು ಹೇಳಬರುವುದಿಲ್ಲ. ತಡೆ ತಗ್ಗಿತೆಂದಷ್ಟೇ ಹೇಳಬಹುದು. ೧೯೭೪ರ ಭೂಸುಧಾರಣೆಯ ತಿದ್ದುಪಡಿ ಇದಕ್ಕಿಂತ ಜಟಿಲವಾದ ಸಂಗತಿ. ಚಾಲಗೇಣಿಯ ಒಕ್ಕಲು ಭೂಮಿಯ ಒಡೆಯನಾದನು. ಗೇಣಿಯನ್ನೇ ನಂಬಿದ್ದ ಮನೆಗಳು ಆದಾಯವನ್ನು ಕಳೆದುಕೊಂಡುವು. ಭೂಮಿ ಹೋದವನ ಮಗ ಪಟ್ಟಣಕ್ಕೆ ಹೋದನು. ಭೂಮಿ ಬಂದವನ ಮಗನೂ ಶಾಲೆ ಕಲಿತು ಪಟ್ಟಣಕ್ಕೆ ಹೋದನು. ಒಬ್ಬನಲ್ಲಿ ಅಗತ್ಯ, ಇನ್ನೊಬ್ಬನಲ್ಲಿ ಹೊಸದಾಗಿ ಬಂದ ಶಕ್ತಿ. ಕೋಷ್ಟಕದಲ್ಲಿ ಇಬ್ಬರಿಗೂ 'ಉದ್ಯೋಗ' ಎಂಬ ಒಂದೇ ಕೋಣೆ.

ಇನ್ನೊಂದು ಮಾತು. ಇಷ್ಟರವರೆಗೆ ಹೇಳಿದ ಕ್ರಮಗಳೆಲ್ಲ ಆಕಾಂಕ್ಷೆಯು ವ್ಯಕ್ತಿಯದೆಂದು ಹಿಡಿದುಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಅದು ಬಹಳ ಸಲ ಮನೆಯದು. ಅಳಿಯಸಂತಾನದ ಕುಟುಂಬಗಳಲ್ಲಿ ಸೋದರಮಾವನು ಸೊಸೆಯ ಮದುವೆಗೆಂದೋ ಅಕ್ಕನ ಮನೆಯ ಮಾಡಿಗೆಂದೋ ದುಡಿದುದುಂಟು. ಒಬ್ಬನು ಹೋಗಲೆಂದು ಇನ್ನೊಬ್ಬನು ತಂದೆತಾಯಿಗಳ ಬಳಿ ಉಳಿದರೆ, ಉಳಿದವನನ್ನು ಹಂಬಲವಿಲ್ಲದವನೆನ್ನೋಣವೇ? ಆದುದರಿಂದ ಮನೆಯ ಹಿರಿಯನ ಉತ್ತರವನ್ನೇ ಮನೆಯ ಉತ್ತರವೆಂದು ಬರೆದುಕೊಳ್ಳದೆ, ಮನೆಯ ಪ್ರತಿಯೊಬ್ಬ ವಯಸ್ಕನ ಮುಂದೆಯೂ, ಮುಖ್ಯವಾಗಿ ಹೆಂಗಸರ ಮುಂದೆ, ಇಪ್ಪತ್ತು ಕಾಳುಗಳನ್ನು ಬೇರೆಬೇರೆಯಾಗಿ ಇಡಬೇಕು. ತಾಯಿಯ ಕಾಳುಗಳೂ ಮಗನ ಕಾಳುಗಳೂ ಎಷ್ಟು ಹೊಂದುತ್ತವೆ ಎಂಬುದರ ಸಹಸಂಬಂಧವು ತಾನೇ ಒಂದು ಬೆಲೆಯುಳ್ಳ ಅಂಕಿಯಾದೀತು.

ಇಂಥ ಅಳತೆಯನ್ನು ಕುಂದಾಪುರ ಬೈಂದೂರುಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಾವೇ ಕೈಗೊಳ್ಳಬಹುದು; ದೊಡ್ಡ ವೆಚ್ಚವೇನೂ ಬೇಕಾಗಿಲ್ಲ. ಕಾಲವನ್ನು ಮಾತ್ರ ನೋಡಿ ಆರಿಸಬೇಕು. ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ ಜುಲೈ ತಿಂಗಳುಗಳಲ್ಲಿ ಬೋಟಿನವರು ಮನೆಯಲ್ಲಿ ಸಿಕ್ಕುತ್ತಾರೆ. ಆದರೆ ಕಡಲು ತಣ್ಣಗಾದ ದಿನ ನಾಡದೋಣಿಯವರು ರಾಣಿಬಲೆ ಹಿಡಿದು ಹೋಗಿಬಿಟ್ಟಿರುತ್ತಾರೆ. ಮುಂಬಯಿ ಬೆಂಗಳೂರಿನವರು ಬರುವುದು ಏಪ್ರಿಲ್ ಮೇ ತಿಂಗಳ ರಜೆಗೆ ಮತ್ತು ಹಬ್ಬಗಳಿಗೆ. ಅವರ ಹೊಸ ಬಟ್ಟೆ, ಹೊಸ ಮಾತುಗಳು ಕಣ್ಣ ಮುಂದಿರುವಾಗ ಊರಿನ ತರುಣನ ಏಣಿ ತುಸು ಎತ್ತರವಾಗಿಯೇ ಇರುವುದು ಸಹಜ. ಆ ಕಾರಣ ಒಂದೇ ಮನೆಯನ್ನು ಎರಡು ಋತುಗಳಲ್ಲಿ ಕೇಳುವುದು ಒಳ್ಳೆಯದು. ಎರಡನೆಯ ಭೇಟಿಯಲ್ಲಿ ಮೊದಲ ಸಲದ ಉತ್ತರವನ್ನು ತೋರಿಸಬಾರದು, ನೆನಪಿಸಲೂ ಬಾರದು. ಮೂರು ವರ್ಷಗಳ ತರುವಾಯ ಮತ್ತೆ ಹೋಗಿ, ಯಾರು ಹೋದರು, ಯಾರು ಉಳಿದರು, ಹೋಗಿ ಮರಳಿದವರು ಯಾರು ಎಂಬುದನ್ನು ಮೊದಲ ಪಟ್ಟಿಯ ಎದುರಿಗೆ ಬರೆದುಕೊಳ್ಳತಕ್ಕದ್ದು.